ಕಲ್ಲಪ್ಪನಿಗೂ ಉಳ್ಳಾಗಡ್ಡಿಗೂ ನಡುವೆ

ನಮ್ಮ ಮನೆಗೆ ಬಂದವರೆಲ್ಲ ಮೊದಲು ಷೂ ಬಿಚ್ಚುತ್ತಾರೆ, ಆಮೇಲೆ ಕೋಟು ಬಿಚ್ಚುತ್ತಾರೆ, ಆಮೇಲೆ ಸೋಫಾ ಮೇಲೆ ಕೂತು ಕಾಫಿಗೆ ಕಾಯುತ್ತಾರೆ. ಒಬ್ಬರು ಮಾತ್ರ ಷೂ, ಕೋಟು, ಉಣ್ಣೆ ಟೋಪಿ ಸಮೇತ ನೇರವಾಗಿ ಗೋಡೆಯ ಹತ್ತಿರ ಹೋಗಿ, ಬೆರಳು ಮಡಿಸಿ ಟಕಟಕ ಬಡಿದು, ಕಿವಿ ಕೊಟ್ಟು ಕೇಳಿ, "ವೈನೀ, ಈ ಗ್ವಾಡಿ ಮ್ಯಾಲ ಏನೂ ಭಾರ ಇಲ್ಲ. ಬೇಕಂದ್ರ ಇವತ್ತ ಕೆಡವಬಹುದು" ಎನ್ನುತ್ತಿದ್ದರು! ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನಿನಲ್ಲಿ ನಾವು ಹೊಸದಾಗಿ ಮನೆ ತೆಗೆದುಕೊಂಡು, ಹಾಲು ಉಕ್ಕಿಸಿದ ದಿನ ಬಂದ ಅತಿಥಿ ಆಡುವ ಮಾತೇ ಇದು?

ಅವರ ಹೆಸರು ಇಲ್ಲಿ ಬೇಡ. ಬರೆದರೆ ಷಿಕಾಗೋದಿಂದ ಬಂದು ಆ ಗೋಡೆಯನ್ನು ನಿಜವಾಗಿಯೂ ಕೆಡವಿ ಹೋಗುವ ಪೈಕಿ. ನಮ್ಮವರಿಗಿಂತ ಎರಡು ವರ್ಷ ಚಿಕ್ಕವರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಇಬ್ಬರದೂ ಒಂದೇ ಹಾಸ್ಟೆಲು, ಒಂದೇ ರೂಮು. ನಮ್ಮವರನ್ನು ಅಣ್ಣಾ ಅನ್ನುತ್ತಿದ್ದರಾದ್ದರಿಂದ ನಾನು ತಾನಾಗಿ ವೈನಿ ಆದೆ. ಮೈಸೂರಿನವಳಾದ ನನಗೆ ಅವರ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ ಅಂತ ಎಲ್ಲಿ ಗೊತ್ತು? ಮೊದಲ ಸಲ ಬಾಗಿಲಲ್ಲಿ ನಿಂತು "ವೈನೀ!" ಅಂದಾಗ, ಈ ಮನುಷ್ಯ ಬಂದ ತಕ್ಷಣ ವೈನ್ ಕೇಳುತ್ತಿದ್ದಾನಲ್ಲ ಅಂತ ಗಾಬರಿಯಾಗಿ ಒಳಗೆ ಓಡಿದ್ದೆ.

ಅವರ ಮನೆತನದ ಹೆಸರು ಉಳ್ಳಾಗಡ್ಡಿ. ನಮ್ಮ ಕಡೆ ಅದನ್ನು ಈರುಳ್ಳಿ ಅಂತೀವಿ. ಮದುವೆಯಾದ ಹೊಸದರಲ್ಲಿ ನಮ್ಮವರು, "ನಾಳೆ ಉಳ್ಳಾಗಡ್ಡಿ ಬರ್ತಾನೆ ಕಣೆ" ಅಂದಾಗ ನಾನು, "ಹಾಗೇ ಆಲೂಗೆಡ್ಡೆನೂ ತರೋಕೆ ಹೇಳಿ" ಅಂದಿದ್ದೆನಂತೆ. ಈಗಲೂ ನಮ್ಮವರು ನಾಲ್ಕು ಜನ ಸೇರಿದ ಕಡೆ ಇದನ್ನು ಹೇಳಿ ನಗುತ್ತಾರೆ. ನಗಲಿ.

ಅವರ ಕೆಲಸ ಷಿಕಾಗೋದಲ್ಲಿ ಮುಗಿಲೆತ್ತರದ ಕಟ್ಟಡಗಳ ಕಂಬ, ತೊಲೆಗಳ ಲೆಕ್ಕ ಹಾಕುವುದು. ಕಟ್ಟಡ ಅಲುಗಾಡದೆ ನಿಲ್ಲಬೇಕು ಅನ್ನುವುದೇ ಅವರ ಹೊಟ್ಟೆಪಾಡು. ಆದರೆ ಲೆಕ್ಕ ಹಾಕುವ ಆಸಾಮಿ ಒಂದು ಕಡೆ ನಿಂತವರಲ್ಲ! ಊಟ ನಿಂತುಕೊಂಡು, ಮಾತು ನಡೆದಾಡಿಕೊಂಡು, ನಿದ್ದೆ ಎಲ್ಲಿ ಯಾವಾಗ ಮಾಡುತ್ತಿದ್ದರೋ ಗಿರಿಜಾಗೇ ಗೊತ್ತು. ಗಿರಿಜಾ ಅವರ ಹೆಂಡತಿ. ಮಾತು ಕಡಿಮೆ, ಮುಗುಳ್ನಗೆ ಜಾಸ್ತಿ. ಇಬ್ಬರೂ ಈ ದೇಶಕ್ಕೆ ಬಂದು ಎರಡು ವರ್ಷವಾಗಿತ್ತು. ಏನಾದರೂ ಹೊಸ ಯೋಚನೆ ಬಂದರೆ ಸಾಕು, ಅವರು ಸ್ಟೇಷನ್ ವ್ಯಾಗನ್ ಹತ್ತಿ ಷಿಕಾಗೋದಿಂದ ನಮ್ಮ ಮನೆಗೆ ಬಂದುಬಿಡುತ್ತಿದ್ದರು. ಪಕ್ಕದ ಬೀದಿಗೆ ಬಂದ ಹಾಗೆ! ಮಧ್ಯೆ ಇನ್ನೂರೈವತ್ತು ಮೈಲಿಗೂ ಮೀರಿದ ರಸ್ತೆ, ಅದರ ತುಂಬ ಲಾರಿಗಳು, ಸರೋವರದ ಕಡೆಯಿಂದ ಬೀಸುವ ಹಿಮ. "ಫೋನ್ ಮಾಡಿದ್ರೆ ಆಗ್ತಿರಲಿಲ್ವಾ?" ಅಂತ ಕೇಳಿದರೆ, "ಫೋನ್ಯಾಗ ಮಾತಾಡ್ಬೇಕಂದ್ರ ಒಂದ ಕಡೆ ನಿಂದರಬೇಕಲ್ರೀ. ವಾಯರು ಸಣ್ಣದು" ಎನ್ನುತ್ತಿದ್ದರು.

ಅಂಥವರಿಂದ ಜನವರಿಯ ಒಂದು ಬೆಳಿಗ್ಗೆ ಫೋನು ಬಂತು ಅಂದರೆ ವಿಷಯ ಸಣ್ಣದಿರಲಾರದು ಅಂತ ನನಗೆ ಆಗಲೇ ಅನ್ನಿಸಿತು.

"ವೈನೀ, ಗಂಡು."

"ಅಯ್ಯೋ, ಇಷ್ಟು ಬೇಗ? ಗಿರಿಜಾಗೆ ಏಳು ತುಂಬಿ ಈಗ ತಾನೆ ಎಂಟಕ್ಕೆ ಬಿದ್ದಿತ್ತಲ್ಲ?"

"ಅವಸರ ಇತ್ತಂತ. ನನ್ನ ಮಗಾ ಅಲ್ಲೇನ್ರೀ?"

"ಗಿರಿಜಾ ಹೇಗಿದಾಳೆ?"

"ಆರಾಮ ಅದಾಳ."

"ಮಗು?"

"ಸಣ್ಣದೈತಿ. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ಹೆಸರು ಇಟ್ಟಬಿಟ್ಟೆ."

"ಆಗಲೇ? ಹನ್ನೊಂದು ದಿನ ಕಳೀಲಿಲ್ಲ, ಶಾಸ್ತ್ರ ಇಲ್ಲ..."

"ಕಲ್ಲಪ್ಪ."

ನಾನು ಲೈನು ಸರಿಯಿಲ್ಲ ಅಂದುಕೊಂಡೆ. "ಏನಂದ್ರಿ?"

"ಕಲ್ಲಪ್ಪ ರೀ. ಕಲ್ಲು ಇಲ್ಲೇನು, ಕಲ್ಲು? ಅದಕ್ಕ ಅಪ್ಪ ಹಚ್ಚಿದ್ರ ಕಲ್ಲಪ್ಪ."

ನೀವೇ ಹೇಳಿ, ಆ ಕಾಲಕ್ಕೆ ಡೆಟ್ರಾಯ್ಟ್ ಸುತ್ತಮುತ್ತ ನಮ್ಮವರ ಮನೆಗಳಲ್ಲಿ ಹುಟ್ಟಿದ ಗಂಡುಮಕ್ಕಳ ಹೆಸರೇನು? ಸುನಿಲ್, ಅನಿಲ್, ರವಿ, ಸಂಜಯ್! ಯಾವುದೂ ಮೂರಕ್ಷರ ದಾಟಬಾರದು, ಅಮೆರಿಕದ ಟೀಚರಿಗೆ ಗಂಟಲು ನೋಯಬಾರದು. ಆನಂದ ಅಂತಿಡಬೇಕೋ ಆನಂದ್ ಅಂತಿಡಬೇಕೋ ಅಂತ ಗಂಡಹೆಂಡಿರು ತಿಂಗಳುಗಟ್ಟಲೆ ಮಾತು ಬಿಟ್ಟ ಮನೆಗಳಿದ್ದವು. ಅಂಥದ್ದರಲ್ಲಿ ಈ ಪುಣ್ಯಾತ್ಮರು ಅಂಗೈಯಗಲದ ಕೂಸಿಗೆ ಕಲ್ಲು ಅಂತ ಹೆಸರಿಟ್ಟು, ಹಿಂದೆ ಒಂದು ಈರುಳ್ಳಿ ಕಟ್ಟಿದ್ದರು!

ನಿಜವಾದ ತಮಾಷೆ ಶುರುವಾದದ್ದು ಅವರ ಆಫೀಸಿನಲ್ಲಿ. ಮಗ ಹುಟ್ಟಿದ ಖುಷಿಗೆ ಎಲ್ಲರಿಗೂ ಡೋನಟ್ ಹಂಚಿದರಂತೆ. ಹೆಸರೇನು ಅಂತ ಬಾಸು ಕೇಳಿದ. ಇವರು ಎದೆಯುಬ್ಬಿಸಿ ಹೇಳಿದರು. ಬಾಸು ಡೋನಟ್ಟನ್ನು ಬಾಯಿಯ ಹತ್ತಿರವೇ ನಿಲ್ಲಿಸಿ, "ಕೊಲ್ಯಾಪ್ಸ್?" ಅಂದ.

"ಕಲ್ಲಪ್ಪ."

"ಕೊಲ್ಯಾಪ್ಸ್-ಅ! ನೋಡಯ್ಯಾ, ನಲವತ್ತು ಮಹಡಿ ಕಟ್ಟಡಕ್ಕೆ ಕಂಬದ ಲೆಕ್ಕ ಹಾಕೋನು ನೀನು. ಮಗನಿಗೆ ಕುಸಿತ ಅಂತ ಹೆಸರಿಟ್ಟಿದ್ದೀಯಾ. ದಯವಿಟ್ಟು ಕಟ್ಟಡದ ಮಾಲೀಕರು ಬಂದಾಗ ಮಗನ ಫೋಟೋ ತೋರಿಸಬೇಡ."

ಇದನ್ನು ನಮಗೆ ಹೇಳುವಾಗ ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಯಾರಾದರೂ ಆಗಿದ್ದರೆ ಮಾರನೆಯ ದಿನವೇ ಹೆಸರು ಬದಲಾಯಿಸುತ್ತಿದ್ದರು. ಇವರು ಬದಲಾಯಿಸಲಿಲ್ಲ. "ಹೆಸರು ಗಟ್ಟಿ ಐತಿ. ಆದ್ರ ಕಲ್ಲಪ್ಪಗೂ ಉಳ್ಳಾಗಡ್ಡಿಗೂ ನಡುವ ಒಂದು ಹೆಸರು ಬೇಕು. ಆಸ್ಪತ್ರಿ ನರ್ಸೂ ದಿನಾ ಕೇಳ್ತಾಳ, ಮಿಡಲ್ ನೇಮ್ ಏನು, ಮಿಡಲ್ ನೇಮ್ ಏನು ಅಂತ. ನಾಳೆ ಹೇಳ್ತೀನಿ ಅಂದೀನಿ" ಅಂದರು.

ಆ ನಾಳೆ ಅನ್ನುವುದು ಎಷ್ಟು ಉದ್ದಕ್ಕೆ ಹಿಗ್ಗಿತು ಅಂದರೆ!

ಮುಂದಿನ ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅವರೇ. ಮೀಸೆಯ ಮೇಲೆ ಹಿಮ, ಕೈಯಲ್ಲಿ ಕಾರಿನ ಕೀಲಿ ಗಿಲಿಗಿಲಿ ಅಲ್ಲಾಡುತ್ತಿತ್ತು. ನನಗೆ ಸಿಟ್ಟೇ ಬಂತು. ಹೆರಿಗೆಯಾದ ಹೆಂಡತಿ ಷಿಕಾಗೋದ ಮನೆಯಲ್ಲಿ, ಮಗು ಆಸ್ಪತ್ರೆಯಲ್ಲಿ, ಗಂಡ ಹೈವೇ ಮೇಲೆ! "ಗಿರಿಜಾನ ಯಾರು ನೋಡ್ಕೋತಾರೆ?" ಅಂತ ಕೇಳಿದೆ.

"ಆಕಿನ ಕಳಿಸ್ಯಾಳ್ರೀ. ಮನ್ಯಾಗ ಇದ್ರ ನಾನು ಗ್ವಾಡಿ ಬಡದ ಬಡದ ಕೆಳಗಿನ ಮನಿಯವರು ಪೊಲೀಸರನ್ನ ಕರೀತಾರಂತ. ಬಾಜೂಮನಿ ಆಂಟಿ ಅದಾರ. ಕೂಸಿನ್ನ ನೋಡಾಕ ಸಂಜಿಮುಂದ ಒಂದ ತಾಸ ಬಿಡ್ತಾರ, ಅದೂ ಗಾಜಿನ ಹೊರಗಿಂದ. ಉಳಿದ ತಾಸೆಲ್ಲಾ ನಾ ಏನ್ ಮಾಡ್ಲಿ?"

ಏನು ಮಾಡಲಿ ಅಂದರೆ? ಕೂರಬಹುದಿತ್ತು. ಆದರೆ ಕೂರುವುದು ಅವರಿಗೆ ಯಾರು ಕಲಿಸಿದ್ದರು?

ಬಂದದ್ದು ಯಾತಕ್ಕೆ ಅಂದರೆ, ಒಂದು ಮಹಾಸತ್ಯ ಕಂಡುಹಿಡಿದಿದ್ದರು. ಅಮೆರಿಕದವರು ಮಕ್ಕಳಿಗೆ ಮಿಡಲ್ ನೇಮ್ ಇಡುವುದು ಬೈಯುವುದಕ್ಕೆ! ಅವರ ಪಕ್ಕದ ಮನೆಯಾಕೆ ಸಮಾಧಾನದಲ್ಲಿದ್ದಾಗ ಮಗನನ್ನು ಟಾಮಿ ಅಂತಾಳಂತೆ. ಸ್ವಲ್ಪ ಸಿಟ್ಟು ಬಂದರೆ ಥಾಮಸ್. ಹುಡುಗ ಕಿಟಕಿ ಗಾಜು ಒಡೆದ ದಿನ ಮಾತ್ರ ಹೊಸ್ತಿಲಲ್ಲಿ ನಿಂತು, ಥಾಮಸ್ಸು, ಅದರ ಹಿಂದೆ ಪ್ಯಾಟ್ರಿಕ್ಕು, ಅದರ ಹಿಂದೆ ಮನೆತನದ ಹೆಸರು, ಮೂರನ್ನೂ ಸೇರಿಸಿ ಕೂಗಿದಳಂತೆ. ಹುಡುಗ ನಿಂತಲ್ಲೇ ಕಂಬವಾದನಂತೆ.

"ಅಂದ್ರ ವೈನೀ, ನಡುವಿನ ಹೆಸರು ಕೂಗಿದ್ರ ಓಣಿ ದಾಟಿ ಹೋಗಬೇಕು. ಇಲ್ಲಾಂದ್ರ ಮಗ ಕೈಗೆ ಸಿಗೂದಿಲ್ಲ."

ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಹಿತ್ತಲ ಬಾಗಿಲು ತೆರೆದ ಸದ್ದಾಯಿತು. ಮೊಣಕಾಲುದ್ದ ಹಿಮದಲ್ಲಿ ನಿಂತು, ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದುಕೊಂಡು, ಅವರು ಕೂಗಿದರು:

"ಕಲ್ಲಪ್ಪ ಚಂದ್ರಶೇಖರ ಉಳ್ಳಾಗಡ್ಡೀ!"

ಎರಡು ಕ್ಷಣ ಬಿಟ್ಟು, "ಕಲ್ಲಪ್ಪ ವಿರೂಪಾಕ್ಷ ಉಳ್ಳಾಗಡ್ಡೀ! ಎಲ್ಲಿದ್ದೀಯೋ, ಬಾರೋ!"

ನಮ್ಮ ಪಕ್ಕದ ಮನೆಯಲ್ಲಿ ಸ್ಟ್ಯಾನ್ ಅಂತ ಒಬ್ಬ ವಯಸ್ಸಾದ ಪೋಲಿಷ್ ತಾತ ಇದ್ದ. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಬಹಳ ಮೃದು ಮನಸ್ಸಿನವನು. ಅವನು ಪಾಪ, ಚಪ್ಪಲಿಯಲ್ಲೇ ಓಡಿಬಂದ. "ಏನಾಯ್ತು? ಯಾರು ಕಳೆದುಹೋದರು?"

ನಮ್ಮ ಷಿಕಾಗೋದವರಿಗೆ ಒಂದು ನಿಮಿಷ ನಿಂತು ವಿವರಿಸುವ ತಾಳ್ಮೆ ಎಲ್ಲಿ? "ನನ್ನ ಕಲ್ಲಪ್ಪ" ಅಂದರಂತೆ, ಅಷ್ಟೇ.

ಸ್ಟ್ಯಾನ್ ಏನೂ ಕೇಳಲಿಲ್ಲ. ಇಷ್ಟುದ್ದ ಹೆಸರಿಗೆ ನಾಯಿಯೇ ಇರಬೇಕು ಅಂದುಕೊಂಡು ಒಳಗೆ ಹೋಗಿ, ಬೂಟು ಹಾಕಿಕೊಂಡು, ಒಂದು ಎಲುಬು ಹಿಡಿದುಕೊಂಡು ಕಾರು ತೆಗೆದ. ಅರ್ಧ ಗಂಟೆ ನಮ್ಮ ಸಬ್‌ಡಿವಿಷನ್ನಿನ ಬೀದಿ ಬೀದಿಯಲ್ಲಿ ಕಾರಿನ ಕಿಟಕಿ ಇಳಿಸಿ, "ಕಲಾಪಾ! ಕಲಾಪಾ!" ಅಂತ ಕೂಗುತ್ತಾ ಹೋದ. ವಾಪಸ್ಸು ಬಂದು, ಸಿಗಲಿಲ್ಲ, ಕ್ಷಮಿಸಿ, ಎಂಥಾ ಜಾತಿ ನಾಯಿ, ಬಣ್ಣ ಯಾವುದು ಅಂತ ಕೇಳಿದ. ನಮ್ಮವರು ತಲೆ ತಗ್ಗಿಸಿದರು. ನಮ್ಮ ಷಿಕಾಗೋದವರಿಗೆ ಮಾತ್ರ ಪರಮಾನಂದ! "ನೋಡ್ರಿ, ಪೋಲಂಡ ಮಂದಿ ಬಾಯಾಗೂ ನಿಲ್ತು!"

ಅಂದಿನ ಊಟದ ಹೊತ್ತಿಗೆ ಚಂದ್ರಶೇಖರನೂ ಬಿದ್ದಿದ್ದ, ವಿರೂಪಾಕ್ಷನೂ ಬಿದ್ದಿದ್ದ. ಉದ್ದ ಜಾಸ್ತಿಯಂತೆ. ನಡುವಿನ ತೊಲೆ ಉದ್ದವಾದಷ್ಟೂ ಬಾಗುತ್ತದಂತೆ. ನಮ್ಮವರು ಚಪಾತಿ ಹರಿಯುತ್ತಾ, "ಓಂಕಾರ ಅಂತಿಡೋ, ಚಿಕ್ಕದು" ಅಂದರು. ಅವರು ಖುಷಿಯಾಗಿ ಅಡುಗೆಮನೆಯಲ್ಲೇ ನಾಲ್ಕು ಸುತ್ತು ಹಾಕಿದರು. ಐದನೇ ಸುತ್ತಿಗೆ ಗಕ್ಕನೆ ನಿಂತು, "ಅಣ್ಣಾ, ಕೆ. ಓ. ಯು.!" ಅಂದರು.

"ಏನೀಗ?"

"ಕೆ.ಓ. ಅಂದ್ರ ನಾಕ್ ಔಟ್. ಯು ಅಂದ್ರ ನೀ. ಸಾಲ್ಯಾಗ ನನ್ನ ಮಗಾ ಹೆಸರು ಬರದಾಗೊಮ್ಮೆ ಎದುರಿನ ಹುಡುಗ ಗುದ್ದಾಟಕ್ಕ ಬರ್ತಾನ!"

ನನಗೂ ಹುರುಪು ಬಂತು. "ಮೃತ್ಯುಂಜಯ?" ಅಂದೆ. ಎಂಥಾ ಚೆಂದದ ಹೆಸರು! ಅವರು ಮಾತ್ರ ಕೈಯಲ್ಲಿದ್ದ ತಟ್ಟೆಯನ್ನು ಸಿಂಕಿನಲ್ಲಿಟ್ಟು, "ಬ್ಯಾಡ್ರಿ. ಅದನ್ನ ಇಟ್ರ ನಾವು ಅಂಜೇವಿ ಅಂತ ಗೊತ್ತಾಗ್ತೈತಿ" ಅಂದರು. ಯಾರಿಗೆ ಗೊತ್ತಾಗುತ್ತದೆ ಅಂತ ಕೇಳುವಷ್ಟರಲ್ಲಿ ಗೋಡೆಯ ಹತ್ತಿರ ಹೋಗಿದ್ದರು.

ಆಮೇಲೆ ಫೋನಿನ ಅಧ್ಯಾಯ. ಆಗೆಲ್ಲ ಆಪರೇಟರ್ ಮೂಲಕ ಒಬ್ಬ ವ್ಯಕ್ತಿಯನ್ನೇ ಹೆಸರು ಹಿಡಿದು ಕೇಳಬಹುದಿತ್ತು. ಆ ವ್ಯಕ್ತಿ ಮನೆಯಲ್ಲಿಲ್ಲ ಅಂದರೆ ಕರೆ ಬಿಟ್ಟಿ. ನಮ್ಮ ದೇಸೀ ಜನ ಇದನ್ನು ಬಿಡುತ್ತಾರೆಯೇ? ಊರು ಮುಟ್ಟಿದ್ದೇವೆ ಅಂತ ತಿಳಿಸುವುದಕ್ಕೆ ಇಲ್ಲದ ಮಾವನನ್ನೋ, ಇಲ್ಲದ ಚಿಕ್ಕಪ್ಪನನ್ನೋ ಕೇಳುವುದು ಎಲ್ಲರಿಗೂ ಗೊತ್ತಿದ್ದ ಉಪಾಯ. ಇವರು ಅದನ್ನು ನಾಮಕರಣಕ್ಕೆ ಹಚ್ಚಿದರು! ದಿನಾ ಸಂಜೆ ಆರಕ್ಕೆ ನಮ್ಮ ಫೋನು ಹೊಡೆದುಕೊಳ್ಳುತ್ತಿತ್ತು. ಆ ಕಡೆಯಿಂದ ಆಪರೇಟರಮ್ಮ ಉಸಿರು ಎಳೆದುಕೊಂಡು, "ಮಿಸ್ಟರ್ ಕಲಾಪಾ... ನೀಲ... ನೀಲಕಾಂಟ... ಊಲಗಾಡಿ ಇದ್ದಾರೆಯೇ?" ಅನ್ನುತ್ತಿದ್ದಳು. ನಾನು "ಇಲ್ಲ" ಅಂದರೆ ಹೆಸರು ಹಿಡಿಸಲಿಲ್ಲ ಅಂತ. "ಒಂದು ಗಂಟೆ ಬಿಟ್ಟು ಬರ್ತಾರೆ" ಅಂದರೆ ಪರವಾಗಿಲ್ಲ ಅಂತ. ಆಕೆಯ ನಾಲಿಗೆ ಎಲ್ಲಿ ಎಡವಿತು ಅಂತ ಹಿಂದಿನಿಂದ ಕೇಳಿಸಿಕೊಂಡು ಇವರು ಹೆಸರನ್ನು ಉಳಿಸುತ್ತಿದ್ದರು, ಇಲ್ಲವೇ ಹೊಡೆದುಹಾಕುತ್ತಿದ್ದರು. ಒಂದು ದಿನ ನೀಲಕಂಠ, ಮಾರನೆಯ ದಿನ ಸಿದ್ಧರಾಮ, ಅದರ ಮಾರನೆಯ ದಿನ ಮಡಿವಾಳ. ಫೆಬ್ರವರಿ ಅರ್ಧವಾಗುವ ಹೊತ್ತಿಗೆ ಆ ಪುಣ್ಯಾತ್ಗಿತ್ತಿಗೂ ಸಾಕಾಗಿತ್ತು ಅನ್ನಿಸುತ್ತದೆ. ಒಂದು ಸಂಜೆ ನಾನು "ಇಲ್ಲ" ಅಂದಮೇಲೂ ಲೈನು ಕತ್ತರಿಸದೆ, ಆ ಕಡೆಯಿದ್ದ ಅವರಿಗೆ ಮೆಲ್ಲಗೆ, "ಸರ್, ನಾನು ಹೇಳಬಾರದು. ಆದರೆ ಎಡ್ವರ್ಡ್ ಅಂತ ಯೋಚಿಸಿದ್ದೀರಾ?" ಅಂದಳು!

ಅವರು ಒಂದಿಡೀ ವಾರ ಎಡ್ವರ್ಡನನ್ನು ಗಂಭೀರವಾಗಿ ಯೋಚಿಸಿದರು ಅಂದರೆ ನೀವು ನಂಬಬೇಕು.

ನಗು ನಗುತ್ತಲೇ ನನ್ನ ತಾಳ್ಮೆ ಸವೆಯತೊಡಗಿತ್ತು. ಯಾಕೆಂದರೆ ನಾನೇ ಫೋನ್ ಮಾಡಿ ಮಗುವಿನ ವಿಷಯ ಕೇಳಿದರೆ ಬೇರೇನೋ ಹೇಳುತ್ತಿದ್ದರು. "ತೂಕ ಹೆಚ್ಚಾಯ್ತಾ?" ಅಂದರೆ "ಈಶ್ವರ ಅಂದ್ರ ಹೆಂಗ?" "ಹಾಲು ಕುಡೀತಾ?" ಅಂದರೆ "ಅಣ್ಣಗ ಕೇಳ್ರಿ, ಪಂಚಾಕ್ಷರಿ ಭಾಳ ಉದ್ದ ಆಗ್ತದೇನು?" ಗಿರಿಜಾ ಒಮ್ಮೆ ಫೋನಿಗೆ ಬಂದವಳು, "ಆರಾಮ ಐತಿ ಅಕ್ಕಾ. ಒಮ್ಮೆ ಉಸಿರು ಹಿಡೀತೈತಿ, ಒಮ್ಮೆ ಬಿಡ್ತೈತಿ" ಅಂದಳು. ಅದು ಆರಾಮವೇ? ನಾನು ಅಡುಗೆ ಮಾಡುತ್ತಾ, ಬಟ್ಟೆ ಮಡಿಸುತ್ತಾ, ಆ ಮಾತನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ.

ಮತ್ತೊಂದು ಶನಿವಾರ ಬಂದರು. ಗಡ್ಡ ಬಿಟ್ಟಿದ್ದರು. ಕಾರಿನಿಂದ ಇಳಿದವರು ಕಾರನ್ನೇ ಒಂದು ಸುತ್ತು ಹಾಕಿ, ಮತ್ತೆ ಒಳಗೆ ಕೂತು, ಮತ್ತೆ ಇಳಿದು, ಆಮೇಲೆ ಬಾಗಿಲಿಗೆ ಬಂದರು. ಅವತ್ತು ನಮ್ಮವರು ತಮಾಷೆಗೆ ಕೇಳಲಿಲ್ಲ, ನಿಜವಾಗಿ ಕೇಳಿದರು.

"ಅಲ್ಲಯ್ಯಾ, ನಿಮ್ಮ ಕಡೆ ಇದೆಲ್ಲ ಹುಡುಕೋದೇ ಇಲ್ವಲ್ಲ? ಮಗನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು. ನಿನ್ನ ಹೆಸರಲ್ಲೂ ನಡುವೆ ನಿಮ್ಮಪ್ಪ ಇದಾರೆ. ನಿನ್ನ ಹೆಸರು ಹಾಕಿದ್ರೆ ಮುಗೀತು."

ಎಷ್ಟು ಸರಳ! ನನಗೂ ಯಾಕೆ ಹೊಳೆಯಲಿಲ್ಲ ಅಂತ ನಾನು ನಕ್ಕೆ. ಅವರು ನಗಲಿಲ್ಲ. ನಾನು ಕೊಟ್ಟ ಕಾಫಿ ಲೋಟವನ್ನು ಟೀವಿ ಮೇಲೆ ಇಟ್ಟು, "ಗಿರಿಜಾ ಕಾಯ್ತಿರ್ತಾಳ" ಅಂದರು. ಬಂದು ಹತ್ತು ನಿಮಿಷವೂ ಆಗಿರಲಿಲ್ಲ! ಸ್ಟೇಷನ್ ವ್ಯಾಗನ್ ಹಿಮದಲ್ಲಿ ಹಿಂದೆ ಸರಿದು, ತಿರುಗಿ, ಹೊರಟೇಹೋಯಿತು. ಕಾಫಿಯಿಂದ ಇನ್ನೂ ಹೊಗೆ ಏಳುತ್ತಿತ್ತು.

"ನಾನೇನಂದೆ ಅಂಥದ್ದು?" ಅಂದರು ನಮ್ಮವರು.

"ಹೊರಡಿ, ನಾವೂ ಹೋಗೋಣ" ಅಂದೆ ನಾನು.

ಅರ್ಧ ಗಂಟೆಯಲ್ಲಿ ಹೊರಟೆವು. ಐದು ಗಂಟೆ ದಾರಿ. ಜ್ಯಾಕ್ಸನ್ ದಾಟಿತು, ಕಲಾಮಜೂ ದಾಟಿತು. ಮುಂದೆ ಹೋಗುವ ಪ್ರತಿ ಸ್ಟೇಷನ್ ವ್ಯಾಗನ್ನೂ ಅವರದೇ ಅನ್ನಿಸುತ್ತಿತ್ತು, ಹತ್ತಿರ ಹೋದರೆ ಯಾರೋ. ನಾನು ದಾರಿಯುದ್ದಕ್ಕೂ ಅವರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಇದೇನು ಹುಡುಗಾಟ? ಮಗುವಿಗೆ ಉಸಿರು ನಿಂತು ನಿಂತು ಬರುವಾಗ ನಿಮಗೆ ತೊಲೆ, ಕಂಬ, ಆಪರೇಟರು? ಬೆಂಟನ್ ಹಾರ್ಬರ್ ಹತ್ತಿರ ಹಿಮ ಜೋರಾಗಿ, ವೈಪರ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

ನೇರವಾಗಿ ಆಸ್ಪತ್ರೆಗೇ ಹೋದೆವು. ಮೂರನೇ ಮಹಡಿಯಲ್ಲಿ ಓಣಿಯಂಥ ಉದ್ದನೆಯ ಕಾರಿಡಾರು. ಅದರ ತುದಿಯಲ್ಲಿ ದೊಡ್ಡ ಗಾಜು. ಗಾಜಿನ ಈಚೆ ಒಂದು ಬೆಂಚಿನ ಮೇಲೆ ಗಿರಿಜಾ ಕೋಟು ಹೊದ್ದು ಕೂತಿದ್ದಳು. ಅವಳ ಗಂಡ ಓಣಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು.

ಗಾಜಿನಾಚೆ ಅವರ ಮಗನನ್ನು ಮೊದಲ ಸಲ ನೋಡಿದೆ. ಏನು ಹೇಳಲಿ? ಕಲ್ಲಪ್ಪನಂತೆ! ಒಂದು ಹಕ್ಕಿಮರಿ. ಎದೆಯ ಮೇಲೆ ಚರ್ಮ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಒಮ್ಮೆ ಒಳಗೆ ಹೋದದ್ದು ಹೊರಗೆ ಬರುವುದಕ್ಕೆ ತಡವಾಯಿತು. ಆ ತಡದಲ್ಲಿ ನಾವು ನಾಲ್ಕೂ ಜನ ಉಸಿರಾಡಲಿಲ್ಲ. ನರ್ಸ್ ಒಬ್ಬಳು ಪೆಟ್ಟಿಗೆಯೊಳಗೆ ಕೈ ಹಾಕಿ ಅವನ ಅಂಗಾಲನ್ನು ಬೆರಳಿಂದ ತಟ್ಟಿದಳು. ಎದೆ ಮತ್ತೆ ಏಳತೊಡಗಿತು.

ಆಕೆ ಹೊರಗೆ ಬಂದು, ನಗುತ್ತಾ ಇವರನ್ನು ಕೇಳಿದಳು. "ಏನಪ್ಪಾ, ಇವತ್ತಾದರೂ ಸಿಕ್ಕಿತಾ ಮಿಡಲ್ ನೇಮ್?"

"ಟುಮಾರೋ" ಅಂದರು ಇವರು.

ನನಗೆ ತಡೆಯಲಾಗಲಿಲ್ಲ. ಓಣಿಯ ತಿರುವಿನಲ್ಲಿ ಅವರನ್ನು ಅಡ್ಡಗಟ್ಟಿ ನಿಲ್ಲಿಸಿದೆ. "ಸಾಕು ಮಾಡಿ. ಯಾವುದೋ ಒಂದು ಹೆಸರು ಹೇಳಿ ಮುಗಿಸಿ. ಇನ್ನೆಷ್ಟು ದಿನ ನಾಳೆ ನಾಳೆ ಅಂತೀರಿ?"

ಅವರು ನಿಂತರು. ಅವರು ಹಾಗೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ವೈನೀ, ಊರಾಗ ನಮಗ ಇಬ್ಬರು ಹುಟ್ಟಿದ್ರು. ನಿಮಗ ಹೇಳಿಲ್ಲ. ಇಬ್ಬರೂ ಗಂಡು. ಹುಟ್ಟಿದ ದಿನಾನ ಪೂರಾ ಹೆಸರು ಇಟ್ಟಿದ್ವಿ, ನಡುವ ನನ್ನ ಹೆಸರು ಹಚ್ಚಿ. ಇಬ್ಬರೂ ತಮ್ಮ ಹೆಸರು ತಗೊಂಡು ಹೋಗಿಬಿಟ್ರು. ಒಬ್ಬಂವ ತೊಟ್ಲಾಗ ಮಲಗೂ ತನಕಾನೂ ಇರ್ಲಿಲ್ಲ." ಅವರು ಗಾಜಿನ ಕಡೆ ನೋಡಿದರು. "ನಮ್ಮವ್ವ ಅಂದಿದ್ಲು, ಮುಂದಿಂದಕ್ಕ ಕಲ್ಲಪ್ಪ ಅಂತ ಇಡ್ರಿ, ಗಟ್ಟಿ ನಿಲ್ತಾನ ಅಂತ. ಇಟ್ಟೆ. ಆದ್ರ ಇವಂಗ ಪೂರಾ ಕೊಡೂದಿಲ್ಲ. ಅರ್ಧಾನ ಕೊಟ್ಟೀನಿ. ಉಳಿದರ್ಧ ನನ್ನ ಕಡೆ ಐತಿ. ಅದು ಬೇಕಾದ್ರ ಅಂವ ನಿಲ್ಲಬೇಕಲ್ರೀ?"

ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

"ದಿನಾ ನಾಳೆ ಅಂತೀನಿ. ದಿನಾ ನಾಳೆತನಕ ಇರ್ತಾನ" ಅಂದರು. ಅಷ್ಟು ಹೇಳಿ ಮತ್ತೆ ನಡೆಯತೊಡಗಿದರು. ಈ ಸಲ ನಾನೂ ಜೊತೆಗೆ ನಡೆದೆ. ಓಣಿಯ ಆ ತುದಿ ಮುಟ್ಟುವ ಹೊತ್ತಿಗೆ, "ಸೋಮಶೇಖರ ಹೇಗೆ?" ಅಂತ ಕೇಳಿದೆ. "ಸ್ವಲ್ಪ ಉದ್ದ" ಅಂದರು. ಈ ತುದಿಗೆ ವಾಪಸ್ಸು ಬರುತ್ತಾ, "ಶಿವಾನಂದ?" ಅಂದೆ. "ನೋಡೋಣು" ಅಂದರು. ಗಾಜಿನಾಚೆಯ ನರ್ಸ್ ಪರದೆ ಎಳೆಯುವವರೆಗೂ ನಾವು ಹಾಗೇ ಹೆಸರು ಹೇಳುತ್ತಾ, ಬೇಡವೆನ್ನುತ್ತಾ ತಿರುಗಿದೆವು. ನನಗೆ ಗೊತ್ತಿದ್ದ ಹೆಸರುಗಳೆಲ್ಲ ಮುಗಿದವು. ಆಮೇಲೆ ನಮ್ಮವರನ್ನು ಕರೆದೆ.

ಮಾರ್ಚ್ ತಿಂಗಳಿಡೀ ಹೀಗೇ. ಆಪರೇಟರಮ್ಮನ ಕರೆ ಬಂದಾಗಲೆಲ್ಲ ನಾನು ಖುಷಿಯಿಂದ "ಇಲ್ಲ, ಅವರು ಇಲ್ಲ, ಬೇರೆ ಹೆಸರು ನೋಡಿ" ಅನ್ನುತ್ತಿದ್ದೆ. ಅಡುಗೆಮನೆಯಲ್ಲಿ ನಿಂತು ನಾನೇ ಹೊಸ ಹೊಸ ಹೆಸರು ಹುಡುಕುತ್ತಿದ್ದೆ. ಯಾವುದೂ ಹಿಡಿಸಬಾರದು ಅಂತಲೇ ಹುಡುಕುತ್ತಿದ್ದೆ.

ಹಿಮ ಕರಗಿ ಬೀದಿಯ ತುಂಬ ಕೆಸರಾದ ಒಂದು ದಿನ ಡಾಕ್ಟರು ಮಗುವನ್ನು ಮನೆಗೆ ಕಳಿಸಿದರು. ಮುಂದಿನ ಭಾನುವಾರವೇ ಗಿರಿಜಾ ನಮ್ಮನ್ನು ಕರೆಸಿದಳು. ಅವರ ಅಪಾರ್ಟ್‌ಮೆಂಟಿನಲ್ಲಿ ನಾಲ್ಕೈದು ಜನ ಹೆಂಗಸರು ಸೇರಿ, ಬಟ್ಟೆ ಹಾಕುವ ಬೆತ್ತದ ಬುಟ್ಟಿಗೆ ಇಳಕಲ್ ಸೀರೆ ಹಾಸಿ ತೊಟ್ಟಿಲು ಮಾಡಿದ್ದರು. ಅವರ ಕಡೆ ಶಾಸ್ತ್ರದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಂತೆ. ಅಲ್ಲಿ ಸೋದರತ್ತೆ ಎಲ್ಲಿಂದ ಬರಬೇಕು? ನನ್ನನ್ನೇ ಕೂರಿಸಿದರು. ಹೇಳುವಾಗ ಹಿಂದಿನಿಂದ ಎಲ್ಲರೂ ಬೆನ್ನಿಗೆ ಗುದ್ದುತ್ತಾರೆ ಅಂತ ಮಾತ್ರ ನನಗೆ ಯಾರೂ ಮೊದಲೇ ಹೇಳಿರಲಿಲ್ಲ!

ನಾನು ಬಗ್ಗುವ ಮುಂಚೆ ಗಿರಿಜಾ ಪಕ್ಕಕ್ಕೆ ಬಂದು ಕೂತು, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಅಕ್ಕಾ, ನಡುವ ಅವ್ರ ಹೆಸರ ಹೇಳ್ರಿ. ಅವ್ರು ಒಲ್ಲೆ ಅಂತಾರ. ಅವ್ರ ಹೆಸರು ಕೆಟ್ಟದ್ದಲ್ಲ. ನೀವು ಅಂದುಬಿಡ್ರಿ."

ಅವರು ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಂತಿದ್ದರು. ನಾನು ಬುಟ್ಟಿಯ ಮೇಲೆ ಬಗ್ಗಿದೆ. ಕೂಸು ನೆತ್ತಿಗೆ ಹಚ್ಚಿದ ಎಣ್ಣೆಯ ವಾಸನೆ ಬರುತ್ತಾ ಬೆಚ್ಚಗಿತ್ತು. ಹೆಂಗಸರು ಹೇಳಿಕೊಟ್ಟ ಹಾಗೆ ಮೊದಲು ಕಿವಿಯಲ್ಲಿ "ಕುರ್ರ್" ಅಂದೆ. ಬೆನ್ನ ಮೇಲೆ ಗುದ್ದು ಬಿತ್ತು. ಕಲ್ಲಪ್ಪ ಅಂದೆ. ಮತ್ತೆ ಗುದ್ದು. ಆಮೇಲೆ ಅವನ ಅಪ್ಪನ ಹೆಸರು ಹೇಳಿದೆ. ಪಿಸುಗುಟ್ಟಲಿಲ್ಲ, ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ. ಮೂರನೇ ಗುದ್ದು ಬೀಳಲಿಲ್ಲ. ಯಾರ ಕೈಯೂ ಏಳಲಿಲ್ಲ. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು.

ಅವರು ಗಿರಿಜಾಳನ್ನು ನೋಡಿದರು. ಗಿರಿಜಾ ಕಣ್ಣು ಕೆಳಗೆ ಮಾಡಲಿಲ್ಲ. ಅವರು ಲೋಟವನ್ನು ಎಲ್ಲೋ ಇಟ್ಟು, ಒಳಗೆ ಬಂದು, ಬುಟ್ಟಿಯ ಪಕ್ಕ ಮೊಣಕಾಲೂರಿ ಕೂತರು. ಆವರೆಗೆ ಅವರು ಮಗನನ್ನು ಸರಿಯಾಗಿ ಮುಟ್ಟಿಯೇ ಇರಲಿಲ್ಲವಂತೆ. ಆ ಗಾಜು ಅವರಿಗೆ ಇನ್ನೂ ಅಡ್ಡ ಇದ್ದ ಹಾಗಿತ್ತು. ಒಂದು ಬೆರಳನ್ನು, ಕಿರುಬೆರಳನ್ನು, ಹೆದರುತ್ತಾ ಬುಟ್ಟಿಯೊಳಗೆ ಚಾಚಿದರು. ಮಗು ಅದನ್ನು ಮುಷ್ಟಿಯಲ್ಲಿ ಹಿಡಿಯಿತು.

ಅವರು ಮೆಲ್ಲಗೆ ಎಳೆದು ನೋಡಿದರು. ಇನ್ನೊಮ್ಮೆ ಎಳೆದು ನೋಡಿದರು. ಆಮೇಲೆ ತಲೆಯೆತ್ತಿ, ಎಲ್ಲರನ್ನೂ ಬಿಟ್ಟು ಹೆಂಡತಿಗೊಬ್ಬಳಿಗೇ ಹೇಳಿದರು:

"ಬಿಡವಲ್ಲ ನೋಡ, ಗಿರಿಜಾ. ಬಿಡವಲ್ಲ."